ಕೆಂಪು ಮಣ್ಣಿನ ಊರಿನಲ್ಲಿ ಕಡಲಪಾಚಿ

ಹೊಸೂರಿನಲ್ಲಿ ಕಡಲಿದೆ ಎಂದರೆ ಓದುಗರು ನಕ್ಕಾರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ನಮ್ಮದು. ಚೆನ್ನೈನ ಅಲೆಗಳಿಗೂ ನಮಗೂ 300 ಕಿಲೋಮೀಟರಿನಷ್ಟು ಅಂತರ. ಆದರೂ ನಮ್ಮ ನಡುಮನೆಯ ಗಾಜಿನ ತೊಟ್ಟಿಯೊಂದರಲ್ಲಿ ಮೂರು ವರ್ಷಗಳಿಂದ 100 ಲೀಟರ್ ಕಡಲು ನೆಲೆಸಿದೆ. ಶೋಧಿಸಿದ ನೀರಿಗೆ ಲೀಟರೊಂದಕ್ಕೆ 35 ಗ್ರಾಮಿನಂತೆ ಉಪ್ಪಿನ ಮಿಶ್ರಣವನ್ನು ಕದಡಿ ಮೊಮ್ಮಗನು ಕಟ್ಟಿಕೊಂಡ ಕಡಲು ಅದು. ಅದರೊಳಗೆ ಕಿತ್ತಳೆ ಬಣ್ಣದ ಎರಡು ಮೀನುಗಳು. ಹಿಂಬದಿಯಲ್ಲಿ ದ್ರಾಕ್ಷಿಗೊಂಚಲಿನಂಥ ಹಸಿರು ಪಾಚಿ. ಮಂಡಪಂ ಕಡೆಯ ಕಡಲಿನಲ್ಲಿ ಇದರ ಬಳಗವೇ ಉಂಟು. ತಮಿಳರು ‘ಕಡಲ್ ಪಾಸಿ’ ಎನ್ನುತ್ತಾರೆ, ನಾವು ಪಾಚಿ ಎನ್ನುತ್ತೇವೆ. ಗಡಿಯಲ್ಲಿ ಬದುಕುವವರಿಗೆ ಇಂಥ ನೆಂಟಸ್ತಿಕೆ ಹೊಸದಲ್ಲ.

ಆ ಪಾಚಿ ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಮೀನಿನ ಕಶ್ಮಲದಿಂದ ನೀರಿನಲ್ಲಿ ಸೇರುವ ನೈಟ್ರೇಟು, ಫಾಸ್ಫೇಟುಗಳನ್ನು ಉಂಡು ಬೆಳೆದು, ನೀರನ್ನು ತಿಳಿಯಾಗಿಡುವುದು ಅದರ ಕೆಲಸ. ಮೊಮ್ಮಗನು ಓದಿಗಾಗಿ ಕೊಯಮತ್ತೂರಿಗೆ ಹೊರಟಾಗ, “ತಾತ, ಮೀನಿಗಿಂತ ಪಾಚಿಯನ್ನೇ ಹೆಚ್ಚು ನೋಡಿಕೊಳ್ಳಿ” ಎಂದು ನಮ್ಮ ವಶಕ್ಕೆ ಕೊಟ್ಟು ಹೋದನು.

ಎರಡು ತಿಂಗಳಲ್ಲಿ ಪಾಚಿ ಬಿಳಿಚಿಕೊಳ್ಳತೊಡಗಿತು. ಆ ಬಣ್ಣವನ್ನು ನಾವು ಕಂಡವರೇ. ನಮ್ಮ ಹಿತ್ತಲಿನ ಗುಲಾಬಿಯೂ ಹೀಗೆಯೇ, ನರಗಳು ಮಾತ್ರ ಹಸಿರಾಗಿ ಉಳಿದು, ಎಳೆಯ ಎಲೆಗಳೆಲ್ಲ ಹಳದಿಯಾಗಿ ನಿಂತದ್ದುಂಟು. ಕಬ್ಬಿಣದ ಕೊರತೆ ಎಂದು ತಿಳಿದಾಗ ನಮಗೆ ನಂಬಿಕೆಯೇ ಆಗಿರಲಿಲ್ಲ. ಈ ಸೀಮೆಯ ಮಣ್ಣು ಕೆಂಪಾಗಿರುವುದೇ ಕಬ್ಬಿಣದ ತುಕ್ಕಿನಿಂದ. ಅದರಲ್ಲಿ ಬೇರೂರಿದ ಗಿಡಕ್ಕೆ ಕಬ್ಬಿಣದ ಬರವೇ? ಆದರೆ ಗಡಸು ನೀರನ್ನು ಉಣಿಸಿ ಉಣಿಸಿ ಮಣ್ಣು ಕ್ಷಾರವಾದರೆ, ಇರುವ ಕಬ್ಬಿಣವೂ ಕರಗದೆ ಕುಳಿತುಬಿಡುತ್ತದೆ. ಆಗ ಅನ್ನಭೇದಿಯನ್ನು ಲೀಟರಿಗೆ 5 ಗ್ರಾಂ ಕರಗಿಸಿ, ನಿಂಬೆರಸ ಹಿಂಡಿ, ಎಲೆಗಳ ಮೇಲೆ ಸಿಂಪಡಿಸಿದ್ದೆವು. ಗಿಡ ಮತ್ತೆ ಹಸಿರಾಗಿತ್ತು.

ಆ ಗೆಲುವಿನ ಗರ್ವವೇ ನಮ್ಮನ್ನು ಕೆಡಿಸಿತು. ಒಂದು ಸಂಜೆ ಅನ್ನಭೇದಿಯನ್ನು ಒಂದು ಚಮಚ ತುಂಬ ತೆಗೆದು ತೊಟ್ಟಿಗೆ ಸುರಿದೆವು. ಮನೆಯವರು, “ಮಗುವನ್ನು ಒಂದು ಮಾತು ಕೇಳಬಾರದೇ?” ಎಂದದ್ದೂ ಕಿವಿಗೆ ಬೀಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ನೀರು ಕೆಮ್ಮಣ್ಣಿನ ಕೆರೆಯಂತಾಯಿತು. ಬೆಳಗಾದಾಗ ಎರಡು ಮೀನುಗಳಲ್ಲಿ ಒಂದು ಮೇಲೆ ತೇಲುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಏದುಸಿರು ಬಿಡುತ್ತಿತ್ತು.

ಕಡಲ ನೀರು ಸ್ವಭಾವತಃ ಕ್ಷಾರವಾದದ್ದು. ನಮ್ಮ ಗುಲಾಬಿಯ ಮಣ್ಣಿಗೆ ಯಾವ ರೋಗವಿತ್ತೋ ಅದೇ ಗುಣ ಈ ತೊಟ್ಟಿಯಲ್ಲಿ ಹುಟ್ಟಿನಿಂದಲೇ ಇತ್ತು. ಅಲ್ಲಿ ಅನ್ನಭೇದಿ ಕರಗಿದ ಗಳಿಗೆಯಲ್ಲಿಯೇ ನೀರಿನ ಪ್ರಾಣವಾಯುವನ್ನು ಹೀರಿ ತುಕ್ಕಾಗುತ್ತದೆ. ಪಾಚಿಗೆ ದಕ್ಕುವುದಿಲ್ಲ, ಮೀನಿನ ಕಿವಿರುಗಳಿಗೆ ಮೆತ್ತಿಕೊಳ್ಳುತ್ತದೆ. ಸಾಗರಗಳ ನಡುವೆಯೂ ಕಬ್ಬಿಣ ದುರ್ಲಭವಾಗಿರುವುದಕ್ಕೆ ಇದೇ ಒಂದು ಕಾರಣವೆಂದು ಆಮೇಲೆ ಓದಿ ತಿಳಿದೆವು. ಅಮೆರಿಕದ ಜಾನ್ ಮಾರ್ಟಿನ್ ಎಂಬ ವಿಜ್ಞಾನಿ, ಕಡಲಿನ ಕೆಲವು ಭಾಗಗಳು ಬಂಜೆಯಾಗಿರುವುದು ಕಬ್ಬಿಣವಿಲ್ಲದೆ ಎಂದು ವಾದಿಸಿದ್ದರು. 1993ರಲ್ಲಿ ಅದನ್ನು ಕಡಲಿನಲ್ಲಿಯೇ ಪರೀಕ್ಷಿಸಿದಾಗ ನೀರು ಹಸಿರೇರಿತು. ಅದನ್ನು ಕಾಣುವ ಮೊದಲೇ, ಅದೇ ವರ್ಷ, ಅವರು ತೀರಿಕೊಂಡಿದ್ದರು. 2009ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರೂ ಜರ್ಮನಿಯವರೂ ಕೂಡಿ ದಕ್ಷಿಣ ಸಾಗರಕ್ಕೆ ಕಬ್ಬಿಣ ಉಣಿಸಿದರು. ಅಲ್ಲಿ ಬೆಳೆದ ಪಾಚಿಯನ್ನು ಪುಟ್ಟ ಸಿಗಡಿಯಂಥ ಜೀವಿಗಳು ಮೇಯ್ದುಬಿಟ್ಟವು. ದೊಡ್ಡವರ ಲೆಕ್ಕವೂ ತಪ್ಪುತ್ತದೆಂದು ಓದಿ ನಮಗೆ ಸಮಾಧಾನವಾಯಿತೆಂದರೆ ಸುಳ್ಳಾದೀತು.

ನಾಲ್ಕು ದಿನ ಮೊಮ್ಮಗನ ಫೋನಿಗೆ “ಎಲ್ಲ ಚೆನ್ನಾಗಿದೆ” ಎಂದೆವು. ಎಪ್ಪತ್ತು ದಾಟಿದ ಮೇಲೆ ಹುಡುಗನೊಬ್ಬನಿಗೆ ಸುಳ್ಳು ಹೇಳುವ ಹೊತ್ತು ಬಂದಿತಲ್ಲ ಎಂದು ರಾತ್ರಿ ನಿದ್ದೆ ಹತ್ತಲಿಲ್ಲ. ಐದನೆಯ ದಿನ ಹೇಳಿದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ಇನ್ನೊಂದು ಉಸಿರಾಡುತ್ತಿದೆಯೇ ತಾತ?” ಎಂದಷ್ಟೇ ಕೇಳಿ, ಮಾಡಬೇಕಾದುದನ್ನು ಒಂದೊಂದಾಗಿ ಹೇಳಿಕೊಟ್ಟನು. ಹಿಂದಿನ ದಿನವೇ ಕದಡಿಟ್ಟ ಉಪ್ಪುನೀರಿನಿಂದ ಎರಡು ಸಲ 30 ಲೀಟರಿನಷ್ಟು ಬದಲಾಯಿಸಿದೆವು. ತುಕ್ಕಿನ ಗಸಿಯನ್ನು ಕೊಳವೆಯಿಂದ ಹೀರಿ ತೆಗೆದೆವು.

ಪಾಚಿಗೆ ಬೇಕಾದ ಕಬ್ಬಿಣವೇ ಬೇರೆ ರೂಪದ್ದು: ನೀರಿನಲ್ಲಿ ಬೇಗ ತುಕ್ಕಾಗದಂತೆ ಇನ್ನೊಂದು ವಸ್ತು ಅದನ್ನು ತಬ್ಬಿ ಹಿಡಿದಿರುತ್ತದೆ. ಗ್ಲುಕೋನೇಟ್ ಎಂಬುದು ಅಂಥ ಒಂದು. ಪ್ರಮಾಣವೋ, ಲೀಟರಿಗೆ 0.1 ಮಿಲಿಗ್ರಾಮನ್ನು ಮೀರಬಾರದು. ನಮ್ಮ ಇಡೀ ತೊಟ್ಟಿಗೆ 10 ಮಿಲಿಗ್ರಾಂ. ನಾವು ಸುರಿದದ್ದು ಅದರ ನೂರು ಪಾಲು! ಅವನ ಮಾತಿನಂತೆ ಆ ಮಿತಿಯ ಅರ್ಧಕ್ಕೂ ಕಡಿಮೆಯಾಗಿ, ವಾರಕ್ಕೊಮ್ಮೆ, ಹನಿ ಎಣಿಸಿ ಬಿಟ್ಟೆವು. ಮೂರನೆಯ ವಾರ ಪಾಚಿಯ ತುದಿಗಳಲ್ಲಿ ಹಸಿರು ಕಂಡಿತು.

ದೀಪಾವಳಿಗೆ ಮೊಮ್ಮಗನು ಬಂದವನೇ ತೊಟ್ಟಿಯ ಮುಂದೆ ಕುಳಿತನು. ಉಳಿದ ಮೀನು ಅವನ ಬೆರಳನ್ನು ಹಿಂಬಾಲಿಸಿತು. ಆಮೇಲೆ ಹಿತ್ತಲಿಗೆ ಹೋಗಿ ಅನ್ನಭೇದಿಯ ಡಬ್ಬಿಯನ್ನು ಹುಡುಕಿ ತಂದು, ಅದರ ಮೇಲೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ದಪ್ಪಕ್ಷರದಲ್ಲಿ ಬರೆದನು: “ಗುಲಾಬಿಗೆ ಮಾತ್ರ.”