ಸೊಂಟದಲ್ಲೊಂದು ತೂಬು

ಸಕ್ಕರೆ ಕಾಯಿಲೆ ಎಂದರೆ ವಯಸ್ಸಾದವರಿಗೆ ಬರುವಂಥದ್ದು ಎಂದೇ ನಮ್ಮ ಕಡೆ ನಂಬಿಕೆ. ಹಾಗಾಗಿ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಎಂಟನೇ ತರಗತಿಯಲ್ಲೇ ಅದು ಬಂದಾಗ, ಸಿಹಿ ಹೆಚ್ಚು ತಿಂದಿರಬೇಕು ಎಂದವರೇ ಬಹಳ. ಚುಂಚನಕಟ್ಟೆ ಸಕ್ಕರೆ ಕಾರ್ಖಾನೆಯ ಊರಲ್ಲವೇ ಎಂದು ತಮಾಷೆ ಮಾಡಿದವರೂ ಉಂಟು.

ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಟೈಪ್ 1 ಮಧುಮೇಹ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಇದರಲ್ಲಿ ಮಿಠಾಯಿಯ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಈ ಹುಡುಗಿ ದಿನಕ್ಕೆ ನಾಲ್ಕು ಬಾರಿ ಚುಚ್ಚಿಕೊಳ್ಳುತ್ತಿದ್ದಳು. ಅದೂ ಗುಟ್ಟಾಗಿ. "ಹೆಣ್ಣುಮಗು ಸಾರ್, ಹತ್ತು ಜನಕ್ಕೆ ಗೊತ್ತಾದರೆ ನಾಳೆ ಯಾರು ಕೈ ಹಿಡೀತಾರೆ?" ಎಂಬುದು ತಾಯಿಯ ಅಳಲು. ಮಧ್ಯಾಹ್ನ ಶಾಲೆಯಲ್ಲಿ ಮರೆ ಸಿಗದಿದ್ದರೆ ಆ ಹೊತ್ತಿನ ಇನ್ಸುಲಿನ್ನೇ ತಪ್ಪುತ್ತಿತ್ತು.

ಹತ್ತನೇ ತರಗತಿಗೆ ಬಂದಾಗ ನೆಂಟರಿಷ್ಟರು ಹಣ ಸೇರಿಸಿ ಇನ್ಸುಲಿನ್ ಪಂಪ್ ಕೊಡಿಸಿದರು. "ಇನ್ನು ವಾಸಿಯಾದಂಗೇ ಅಲ್ವಾ ಮೇಷ್ಟ್ರೇ?" ಎಂದರು ತಂದೆ. ಅವರು ಭತ್ತ ಬೆಳೆಯುವವರು. ನಾಲೆಯ ಭಾಷೆಯಲ್ಲೇ ಹೇಳಿದೆ. ಮೊಬೈಲಿಗಿಂತ ಚಿಕ್ಕದಾದ ಈ ಪಂಪ್ ಸೊಂಟದಲ್ಲಿರುತ್ತದೆ. ಹೊಟ್ಟೆಯ ಚರ್ಮದಡಿಗೆ ಹೋದ ಸಣ್ಣ ಕೊಳವೆಯಲ್ಲಿ ಹಗಲೂ ರಾತ್ರಿ ಇನ್ಸುಲಿನ್ ಜಿನುಗುತ್ತದೆ. ಊಟದ ಮುಂಚೆ ಮಾತ್ರ ತೂಬು ಎತ್ತಬೇಕು. ಎಷ್ಟು ಎತ್ತಬೇಕೆಂಬ ಲೆಕ್ಕ ನಮ್ಮದೇ. ಎರಡು-ಮೂರು ದಿನಕ್ಕೊಮ್ಮೆ ಕೊಳವೆಯ ಜಾಗ ಬದಲಿಸಬೇಕು. ಕಾಯಿಲೆ ಎಲ್ಲೂ ಹೋಗಿಲ್ಲ.

ಲೆಕ್ಕವೆಂದರೆ ಹೀಗೆ: 90 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್. 15 ಗ್ರಾಂಗೆ ಒಂದು ಯೂನಿಟ್ ಎಂದು ವೈದ್ಯರು ಹೇಳಿದ್ದರೆ ನಾಲ್ಕು ಯೂನಿಟ್. ಈ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು, ವೈದ್ಯರೇ ಗೊತ್ತುಮಾಡಬೇಕು. ಮೊದಲ ವಾರಗಳಲ್ಲಿ ತಾಯಿ ನಡುರಾತ್ರಿ ಎದ್ದು ಬೆರಳು ಚುಚ್ಚಿ ರಕ್ತ ಪರೀಕ್ಷಿಸುತ್ತಿದ್ದರು. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್. ಕೊಳವೆ ಮಡಚಿಕೊಂಡರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಆಮ್ಲ ಶೇಖರವಾಗಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಸಿರಿಂಜು, ಇನ್ಸುಲಿನ್ ಸದಾ ಹತ್ತಿರವಿರಬೇಕು.

ಆದರೆ ಪಂಪ್ ಮಾಡಿದ ದೊಡ್ಡ ಉಪಕಾರ ಬೇರೆಯೇ. ಅದನ್ನು ಬಚ್ಚಿಡಲಾಗದು. ಒಂದು ದಿನ ಪಾಠದ ನಡುವೆ ಅದು ಕೀ ಕೀ ಎಂದಿತು. ಎಲ್ಲರೂ ತಿರುಗಿ ನೋಡಿದರು. ಹುಡುಗಿ ಎದ್ದು ನಿಂತು, ತನಗೇನಾಗಿದೆ, ಇದೇನು ಎಂದು ತಾನೇ ವಿವರಿಸಿದಳು. ನಾನು ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಕೆಲವು ವಾರಗಳ ನಂತರ ಆಟದ ಮೈದಾನದಲ್ಲಿ ಅವಳು ಬೆವರಿ, ನಡುಗುತ್ತಾ ಕುಸಿದು ಕುಳಿತಳು. ಸಕ್ಕರೆ ಇಳಿದಿತ್ತು. ನಾವು ಮೇಷ್ಟ್ರುಗಳು ಓಡಿ ಹೋಗುವಷ್ಟರಲ್ಲಿ ಗೆಳತಿ ಬ್ಯಾಗಿನಿಂದ ಪೊಟ್ಟಣ ತೆಗೆದು ಮೂರು ಚಮಚದಷ್ಟು ಸಕ್ಕರೆ ತಿನ್ನಿಸಿದ್ದಳು. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿದೆವು. ಸರಿಯಾಗಿತ್ತು. ಗುಟ್ಟು ಗುಟ್ಟಾಗಿಯೇ ಉಳಿದಿದ್ದರೆ ಆ ಪೊಟ್ಟಣ ಎಲ್ಲಿದೆಯೆಂದು ಯಾರಿಗೆ ತಿಳಿಯುತ್ತಿತ್ತು?

ಪಂಪಿನ ಬೆಲೆ ಲಕ್ಷಗಳಲ್ಲಿದೆ, ಎಲ್ಲರ ಕೈಗೆಟುಕದು. ಚಿಂತೆಯಿಲ್ಲ, ಸಿರಿಂಜಿನಿಂದಲೂ ಮಕ್ಕಳು ಚೆನ್ನಾಗಿ ಬಾಳುತ್ತಾರೆ. ಆದರೆ ಪೋಷಕರೇ, ಶಾಲೆಗೆ ಮುಚ್ಚಿಡಬೇಡಿ. ನವೆಂಬರ್ 14 ಮಕ್ಕಳ ದಿನಾಚರಣೆ. ಇನ್ಸುಲಿನ್ ಕಂಡುಹಿಡಿದವರಲ್ಲೊಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದೂ 1891ರ ಅದೇ ದಿನ; ವಿಶ್ವ ಮಧುಮೇಹ ದಿನವೂ ಅಂದೇ. ಅಂದು ಭಾಷಣ, ನೃತ್ಯಗಳ ನಡುವೆ ಹತ್ತು ನಿಮಿಷ ಇದಕ್ಕೂ ಮೀಸಲಿಟ್ಟರೆ ಯಾವ ಶಾಲೆಗೂ ನಷ್ಟವಿಲ್ಲ.