ಗಾಂಧಾರವಿಲ್ಲದ ಲಕ್ಷ್ಮಿ

ಯುಕುಲೇಲೆ ಕಲಿಯೋರಿಗೆಲ್ಲ ಮೊದಲು ಸಿಗೋದು ‘ಜಿಂಗಲ್ ಬೆಲ್ಸ್’. ಸಿ, ಎಫ್, ಜಿ-ಸೆವೆನ್ ಬಂದ್ರೆ ಆಫೀಸಿನ ಕ್ರಿಸ್‌ಮಸ್ ಪಾರ್ಟಿಗೆ ಧಾರಾಳ ಸಾಕು. ನನಗೆ ಬೇಕಿದ್ದದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಅಪ್ಪ ಹೋದ ಮೇಲೆ ಅಮ್ಮ ಅದನ್ನ ಹಾಡೋದೇ ಬಿಟ್ಟಿದ್ದಳು. ‘ನಾನ್ಯಾಕೆ ಈಗ?’ ಅನ್ನೋಳು.

ಕಷ್ಟ ಏನಂದ್ರೆ, ಹಾಡಿರೋದು ಮಧ್ಯಮಾವತಿಯಲ್ಲಿ. ಆ ರಾಗದಲ್ಲಿ ಗಾಂಧಾರವೇ ಇಲ್ಲ; ಸಿ ಕಾರ್ಡಿನಲ್ಲಿ ಇದೆ. ಇ ತಂತಿಯ ಮೊದಲ ಮನೆ ಮೇಲೆ ಇನ್ನೊಂದು ಬೆರಳಿಟ್ಟರೆ ಗಾಂಧಾರ ಹೋಗಿ ಮಧ್ಯಮ ಬರುತ್ತೆ. ಗಮಕ ಮಾತ್ರ ಕೇಳ್ಬೇಡಿ, ಈ ಪುಟ್ಟ ನೈಲಾನ್ ತಂತಿ ಅಷ್ಟೆಲ್ಲ ಎಳೆಸಿಕೊಳ್ಳಲ್ಲ.

ಹಬ್ಬದ ಬೆಳಗ್ಗೆ ಹಾಗೇ ಮೀಟುತ್ತಾ ಕೂತೆ. ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದ ಅಮ್ಮ ಎರಡನೇ ಸಾಲಿಗೆ ದನಿ ಸೇರಿಸಿದಳು. ಮಧ್ಯೆ ನಿಲ್ಲಿಸಿ, ‘ನಿಧಾನ ಕಣೇ, ಯಾರು ಅಟ್ಟಿಸ್ಕೊಂಡ್ ಬರ್ತಿದಾರೆ?’ ಅಂತ ಬೈದಳು ಕೂಡ.