ಅರ್ಜಿ ಬರೆಯುವ ಯಂತ್ರ

'ಅರ್ಜಿ' ಎಂಬ ಮಾತಿನ ಬೇರು ಅರಬಿಯ 'ಅರ್ಜ್'. ನಿವೇದಿಸುವುದು, ಮುಂದಿಡುವುದು ಎಂದರ್ಥ. ರಾಜೀನಾಮೆ, ಹಾಜರಿ, ದಾಖಲೆ, ತಹಶೀಲ್ದಾರ್ - ಕಚೇರಿ ಕನ್ನಡದ ತುಂಬ ಇಂಥ ಮಾತುಗಳೇ. ಆದರೂ ಉರ್ದು ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ನಾಲ್ಕು ಸಾಲಿನ ಅರ್ಜಿ ಬರೆಯುವುದೆಂದರೆ ಕೈ ನಡುಗುತ್ತದೆ. ಇಂಗ್ಲಿಷಿನ ಮಾತು ಬಂದಾಗ ಕನ್ನಡ ಶಾಲೆಯ ಮಕ್ಕಳ ಪಾಡೂ ಅದೇ.

ತುಮಕೂರಿನ ಪಕ್ಕದ ವಸಂತನರಸಾಪುರದಲ್ಲಿ ಕಾರ್ಖಾನೆಗಳಿವೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕೆಲಸ ಯಾವುದೇ ಇರಲಿ, ರಜೆ ಚೀಟಿ, ವರದಿ, ಇ-ಮೇಲ್ ತಪ್ಪಿದ್ದಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮಕ್ಕಳು ಇವನ್ನೆಲ್ಲ ಮೊಬೈಲಿನಿಂದಲೇ ಬರೆಸತೊಡಗಿದ್ದಾರೆ.

ಕುಣಿಗಲ್ ಕಡೆಯ ಹುಡುಗನೊಬ್ಬ ಡಿಪ್ಲೊಮಾ ಮುಗಿಸಿ ಒಂದು ಕಾರ್ಖಾನೆಯಲ್ಲಿ ತರಬೇತಿಗೆ ಸೇರಿದ್ದ. ಯಂತ್ರದ ಬೆಲ್ಟ್ ಹರಿದು ಜೊತೆಗಾರನ ಬೆರಳಿಗೆ ಪೆಟ್ಟಾಯಿತು. ವರದಿ ಕೊಡಬೇಕಿತ್ತು. ಮೊಬೈಲು ಬರೆದುಕೊಟ್ಟದ್ದನ್ನು ನನಗೆ ತೋರಿಸಿದ. ಸೊಗಸಾದ ಇಂಗ್ಲಿಷು, ನಡೆದದ್ದು 'ಅನಿರೀಕ್ಷಿತ ತಾಂತ್ರಿಕ ದೋಷ'ವಂತೆ.

"ಬೆಲ್ಟ್ ಸವೆದದ್ದು ಮೊದಲೇ ಗೊತ್ತಿರಲಿಲ್ಲವೇನಪ್ಪ?"

"ಸೋಮವಾರವೇ ಸೂಪರ್‌ವೈಸರಿಗೆ ಹೇಳಿದ್ದೆ ಚಾಚಾ."

ಆ ಸೋಮವಾರ ವರದಿಯಲ್ಲಿ ಇರಲೇ ಇಲ್ಲ. ತಾಲೂಕು ಕಚೇರಿಯೆದುರು ಕೂರುವ ಅರ್ಜಿ ಬರಹಗಾರ ಪೆನ್ನು ಎತ್ತುವ ಮುನ್ನ ಹತ್ತು ಪ್ರಶ್ನೆ ಕೇಳುತ್ತಾನೆ. ಈ ಯಂತ್ರ ಒಂದನ್ನೂ ಕೇಳದೆ, ಲಕ್ಷಾಂತರ ಬರಹಗಳಿಂದ ಕಲಿತ ರೂಢಿಯ ಮಾತುಗಳಿಂದಲೇ ಪುಟ ತುಂಬಿಸಿತ್ತು.

ಹುಡುಗ ತನಗೆ ಬಂದ ಕನ್ನಡದಲ್ಲೇ ಐದು ಸಾಲು ಬರೆದ: ಸೋಮವಾರ ಏನು ಕಂಡೆ, ಯಾರಿಗೆ ಹೇಳಿದೆ, ಬುಧವಾರ ಎಷ್ಟು ಗಂಟೆಗೆ ಏನಾಯಿತು. ಆಮೇಲೆ ಯಂತ್ರಕ್ಕೆ ಹೇಳಿದ: 'ಇದನ್ನು ಇಂಗ್ಲಿಷಿಗೆ ತಾ, ಏನನ್ನೂ ಸೇರಿಸಬೇಡ, ಬಿಡಬೇಡ, ಗೊತ್ತಾಗದಿದ್ದರೆ ನನ್ನನ್ನು ಕೇಳು.' ಈ ಸಲ ವರದಿ ಚೆನ್ನಾಗಿಯೇ ಬಂತು. ಆದರೂ ಒಂದೊಂದೇ ವಾಕ್ಯ ಓದಿಸಿದಾಗ 'ಹೇಳಿದ್ದೆ' ಎಂಬುದು 'ಲಿಖಿತವಾಗಿ ತಿಳಿಸಿದ್ದೆ' ಎಂದಾಗಿತ್ತು. ಅದನ್ನು ಹಿಡಿದವನು ಹುಡುಗನೇ. "ನಾನು ಬರೆದು ಕೊಟ್ಟಿರಲಿಲ್ಲ ಚಾಚಾ" ಎಂದು ತಿದ್ದಿದ.

ನಮ್ಮ ಕಾಲೇಜುಗಳಲ್ಲಿ ಇದನ್ನೇ ಪಾಠವಾಗಿಸಬಹುದು. ಮೊದಲು ಮಗು ಬರೆಯಲಿ, ಆಮೇಲೆ ಯಂತ್ರ ತಿದ್ದಲಿ, ತಿದ್ದಿದ್ದನ್ನು ಮಗು ಪರೀಕ್ಷಿಸಲಿ. ವ್ಯಾಕರಣದ ಅಂಜಿಕೆಯಿಂದ ಬಾಯಿ ಕಟ್ಟಿದ್ದ ಬಡ ಮಕ್ಕಳಿಗೆ ಇದು ದೊಡ್ಡ ಆಸರೆ. ಬೇಡವೆನ್ನುವುದು ಅನ್ಯಾಯ.

ಆದರೆ ಕೆಲಸದ ಜಾಗದ ಬರಹ ಒಂದು ಗವಾಹಿ. ನಾಳೆ ವಿಚಾರಣೆ ನಡೆದರೆ ಉತ್ತರ ಕೊಡಬೇಕಾದವನು ಅದರ ಕೆಳಗೆ ರುಜು ಹಾಕಿದವನು. ಗವಾಹಿಯ ಭಾಷೆ ಸಾಲ ತರಬಹುದು, ಗವಾಹಿಯನ್ನಲ್ಲ.